ವೋಚರ್ ಇಲ್ಲದ ಮಾತು

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಜನರ ಹೊಡೆತಕ್ಕೆ ಪ್ರಾಣ ಬಿಟ್ಟರು. ಅವರ ಗುಂಪಿನವರು ಹತ್ತಿರದ ಹಳ್ಳಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ‘ಮಕ್ಕಳ ಕಳ್ಳರು’ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮುಂದೆ ಓಡಿತ್ತು. ಆ ತಿಂಗಳೇ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಹಾಕಿತು. ಆದರೆ ಬೆಂಕಿ ಹತ್ತಲು ಐದು ಬೇಕಿಲ್ಲ, ಒಂದು ಸಾಕು.

ನಮ್ಮ ಮನೆಯ ಉರ್ದು ಗ್ರೂಪಿಗೆ ‘ಅವರು ಹೀಗೆ’ ಎಂಬ ಆಡಿಯೋ ಬರುತ್ತದೆ. ಮಾಲೂರಿನಿಂದ ಬರುವ ನನ್ನ ಗೆಳತಿಯ ಕನ್ನಡ ಗ್ರೂಪಿಗೂ ಅಂಥದ್ದೇ ಬರುತ್ತದೆ, ನಮ್ಮ ಬಗ್ಗೆ. ಒಮ್ಮೆ ನಾನು ಒಂದನ್ನು ಪೂರ್ತಿ ಕೇಳದೆ ಕ್ಲಾಸ್ ಗ್ರೂಪಿಗೆ ಹಾಕಿಬಿಟ್ಟೆ. ಅದು ಸುಳ್ಳಾಗಿತ್ತು. ಅವಳು ಬೈಯಲಿಲ್ಲ. ಎರಡು ದಿನ ನನ್ನ ಪಕ್ಕ ಕೂರಲಿಲ್ಲ. ಮೂರನೇ ದಿನ ನಾನೇ ಹೋಗಿ ಕ್ಷಮೆ ಕೇಳಿದೆ.

ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಎಂದು ಕಲಿಯುತ್ತೇವೆ. ಮಾತಿಗೂ ಅದೇ ನಿಯಮ ಇರಲಿ. ಕಳಿಸುವ ಮುನ್ನ ‘ಯಾರು ಹೇಳಿದ್ದು? ಎಲ್ಲಿ? ಯಾವಾಗ?’ ಎಂದು ಕೇಳೋಣ. ಉತ್ತರ ಇಲ್ಲದಿದ್ದರೆ ಅಲ್ಲೇ ಅಳಿಸೋಣ. ಲೆಡ್ಜರಿನ ತಪ್ಪನ್ನು ತಿದ್ದಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.