ಮಾಡಿನ ಖರ್ಚಿಗೂ ಲೆಕ್ಕದಲ್ಲಿ ಒಂದು ಕಾಲಂ ಇರಲಿ

ನಮ್ಮ ಸದಸ್ಯರಲ್ಲಿ ಹಲವರ ತೋಟಗಳಿಗೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಜನ ಕೆಲಸಕ್ಕೆ ಬರುತ್ತಾರೆ. ಮೇ ತಿಂಗಳು ಬಂತೆಂದರೆ ಅವರಿಗೆ ಊರಿನ ನೆನಪು. ಇನ್ನೆರಡು ವಾರ ನಿಲ್ಲಿ ಎಂದರೆ, "ಮಿರಗ ಕೂಡೂದ್ರಾಗ ಮಾಳಿಗಿಗೆ ಮಣ್ಣ ಹಾಕ್ಬೇಕ್ರೀ ಸಾವ್ಕಾರ್ರ" ಎನ್ನುತ್ತಾರೆ. ಇದೊಂದು ನೆಪವೆಂದು ನಾವು ಬಹಳ ಕಾಲ ತಿಳಿದಿದ್ದೆವು.

ನೆಪವಲ್ಲ. ಅಲ್ಲಿಯ ಹಳೆಯ ಮನೆಗಳ ಮಾಡು ಮಣ್ಣಿನದು. ಗೋಡೆಯ ಮೇಲೆ ತೊಲೆ, ಅದರ ಮೇಲೆ ಜಂತಿ, ಅಡ್ಡ ಕಟ್ಟಿಗೆ, ಮೇಲೆ ದಪ್ಪನೆಯ ಮಣ್ಣು. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯ ಸೀಮೆಗೆ ಇದು ಹೊಂದುತ್ತದೆ. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ಮಳೆಗೆ ಮೊದಲು ಬಿರುಕು ಮುಚ್ಚಿ ಹೊಸ ಮಣ್ಣು ಹಾಕದಿದ್ದರೆ ಸೋರುವುದು ಖಂಡಿತ. ಬಡವರಾದರೂ ಆ ಖರ್ಚನ್ನು ಅವರು ಮುಂದೂಡುವುದಿಲ್ಲ.

ಅಪಾಯವೂ ಅಲ್ಲೇ ಇದೆ. ಹಳೆಯದನ್ನು ಕೆರೆದು ತೆಗೆಯದೆ ಹೊಸತನ್ನು ಹಾಕುತ್ತ ಹೋದರೆ ಭಾರ ಏರುತ್ತದೆ. ನೂರು ಚದರಡಿಗೆ ಒಂದಂಗುಲ ಮಣ್ಣು ಹರಡಿದರೆ, ನೆನೆದಾಗ ಸುಮಾರು 400 ಕಿಲೋ. ನಮ್ಮ ಮಂಗಳೂರು ಹಂಚಿನ ಮಾಡಿನಲ್ಲಿ ಅಷ್ಟೇ ಜಾಗದ ಹಂಚೆಲ್ಲ ಸೇರಿದರೂ ಇದಕ್ಕಿಂತ ಹೆಚ್ಚಿಲ್ಲ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಮಳೆ ಹೊಯ್ದಾಗ ಇಂಥ ಮನೆಗಳು ಎಷ್ಟೋ ಕುಸಿದವು, ಒಳಗಿದ್ದವರು ಸತ್ತರು. ಜಂತಿ ಗೆದ್ದಲು ಹಿಡಿದದ್ದು ಕೆಳಗೆ ಮಲಗಿದವರಿಗೆ ಹೇಗೆ ಗೊತ್ತಾಗಬೇಕು?

ಇನ್ನು ನಮ್ಮ ಸಂಗತಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮೈಲುತುತ್ತ, ಸುಣ್ಣ, ಕೊನೆಗಾರನ ಕೂಲಿ ಎಂದು ವರ್ಷ ವರ್ಷವೂ ತೆಗೆದಿಡುತ್ತೇವೆ. ಮಾಡಿಗೆ ಮಾತ್ರ ಒಂದು ಪೈಸೆಯನ್ನೂ ಬರೆಯುವುದಿಲ್ಲ. ಅಡಿಕೆಗೆ ಧಾರಣೆ ಬಂದ ವರ್ಷ ನೋಡೋಣ ಎನ್ನುತ್ತೇವೆ. ಧಾರಣೆ ಬಂದ ವರ್ಷ ಮದುವೆಯೋ ಜೀಪೋ ಎದುರಿಗೆ ನಿಂತಿರುತ್ತದೆ. ಕಡೆಗೆ ಪಕಾಸು ಮುರಿದ ಮೇಲೆ ಬೆಳೆಸಾಲದ ಹಣಕ್ಕೆ ಕೈ ಹಾಕುತ್ತೇವೆ. ಗೊಬ್ಬರಕ್ಕೆಂದು ತಂದ ಸಾಲ ಹಂಚಾದರೆ ಮುಂದಿನ ಬೆಳೆಯಿಂದ ಅದನ್ನು ತೀರಿಸುವುದು ಹೇಗೆ?

ಲೆಕ್ಕ ತಪ್ಪುವುದೂ ಉಂಟು. ನಾವೇ ತಪ್ಪಿದ್ದೇವೆ. ಮನೆಯ ನೆಲ 30 ಅಡಿಗೆ 30 ಅಡಿ, ಅಂದರೆ 900 ಚದರಡಿ ಎಂದು ಹಂಚು ತರಿಸಿದೆವು. ಸುತ್ತ ಎರಡೂವರೆ ಅಡಿ ಸೂರು ಸೇರಿದರೆ 1,225 ಆಗುತ್ತದೆ. ಮಾಡಿನ ಇಳಿಜಾರಿಗೆ ನೂರಕ್ಕೆ ಹದಿನೈದರಂತೆ ಸೇರಿಸಿದರೆ 1,400 ದಾಟುತ್ತದೆ. ನೂರು ಚದರಡಿಗೆ ಸುಮಾರು 150 ಹಂಚೆಂದರೆ 2,100 ಬೇಕು. ನಾವು ತರಿಸಿದ್ದು 1,400. ಜೂನ್ ಪೂರ್ತಿ ಅಡುಗೆಮನೆಯ ಮೇಲೆ ಟಾರ್ಪಾಲು. ಹೆಂಗಸರು ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಹಂಚಿನ ಹಣವೇ ಮಾಡಿನ ಹಣವಲ್ಲ. ರೀಪು, ಪಕಾಸು, ಎರಡು ಮಾಡು ಕೂಡುವಲ್ಲಿಯ ತಗಡು, ಸಾಗಣೆ, ಬಡಗಿಯ ಕೂಲಿ, ಒಡೆಯುವ ಹಂಚು, ಎಲ್ಲವೂ ಬೇಕು. ಹಂಚು ಇಳಿಸಿದ ಮೇಲೆಯೇ ಮರದ ನಿಜಸ್ಥಿತಿ ತಿಳಿಯುವುದರಿಂದ ಒಟ್ಟು ಅಂದಾಜಿನ ಐದನೆಯ ಒಂದು ಪಾಲನ್ನು ಬೇರೆ ಇಡಬೇಕು. ಹಳೆಯ ಹಂಚನ್ನು ಎಸೆಯಬೇಡಿ. ಬೆರಳಿನಿಂದ ತಟ್ಟಿದಾಗ ಗಣಗಣ ಎಂದರೆ ಇನ್ನೂ ಬಾಳುತ್ತದೆ.

ತಾರಸಿಯೇ ಮೇಲು ಎನ್ನುವವರಿಗೆ ಒಂದು ಮಾತು. ನಾಲ್ಕಂಗುಲದ ಕಾಂಕ್ರೀಟು ನೂರು ಚದರಡಿಗೆ ಎರಡು ಟನ್ನು ಮೀರುತ್ತದೆ. ಮಣ್ಣಿನ ಗೋಡೆ ಅದನ್ನು ಹೊರುವುದೋ ಇಲ್ಲವೋ ಎಂದು ಇಂಜಿನಿಯರರಿಗೆ ತೋರಿಸದೆ ಮೇಸ್ತ್ರಿಯ ಧೈರ್ಯದ ಮೇಲೆ ಹಾಕಿಸಬಾರದು. ಕಲ್ನಾರಿನ ಶೀಟು ಅಗ್ಗವಾದರೂ ಅದರ ಧೂಳಿನಿಂದ ಕ್ಯಾನ್ಸರ್ ಬರುತ್ತದೆ. ಹಳೆಯದನ್ನು ಇಳಿಸುವಾಗ ನೀರು ಚಿಮುಕಿಸಿ, ಒಡೆಯದೆ ಇಳಿಸಬೇಕು.

ಕಾಫಿ, ಅಡಿಕೆ, ಮೆಣಸಿನ ಹಣ ಕೈಗೆ ಬಂದಾಗಲೆಲ್ಲ ಸಣ್ಣದೊಂದು ಪಾಲನ್ನು ಮಾಡಿನ ಹೆಸರಿನಲ್ಲಿ ಠೇವಣಿ ಇಡಬೇಕೆಂಬುದು ನಮ್ಮ ಅಭಿಪ್ರಾಯ. ಒಂದೇ ವರ್ಷ ಆಗದಿದ್ದರೆ ಗಾಳಿಮಳೆ ಬಡಿಯುವ ಬದಿಯನ್ನು ಮೊದಲು ಮಾಡಿಸಿ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬಹುದು. ಲೈನ್ ಮನೆಗಳನ್ನೂ ಅದೇ ಲೆಕ್ಕದಲ್ಲಿ ಸೇರಿಸಿ. ತಮ್ಮ ಮಾಳಿಗೆಗೆ ಮಣ್ಣು ಹಾಕಿ ಬಂದವರು ನಮ್ಮ ಲೈನಿನಲ್ಲಿ ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟುಕೊಂಡು ಮಲಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ದೀಪಾವಳಿ ಕಳೆದ ಕೂಡಲೇ ಬಡಗಿಯನ್ನು ಕರೆಸಿ, ಮಾಡು ಹತ್ತಿಸಿ ಪಟ್ಟಿ ಬರೆಸಿಕೊಳ್ಳಿ. ಮಾರ್ಚಿ ಕಳೆದ ಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ.