ಬಾಗಿಲಲ್ಲಿ ನೀರು ಕೇಳಿದವಳು

ಹೋದ ಬೇಸಗೆಯಲ್ಲಿ ಹಾವೇರಿಯಿಂದ ಬ್ಯಾಡಗಿಗೆ, ನಮ್ಮ ಸೋದರತ್ತೆಯ ಮನೆಗೆ ಹೋಗಿದ್ದೆ. ಅಂದು ಗುರುವಾರ, ಮೆಣಸಿನಕಾಯಿಯ ಪೇಟೆ. ಪೇಟೆಯ ದಿನ ಆ ಊರಿಗೆ ಊರೇ ಸೀನುತ್ತದೆಂಬುದು ನಮ್ಮ ಸೀಮೆಯ ವಾಚಕರಿಗೆ ಹೊಸ ಸಂಗತಿಯಲ್ಲ. ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದೆವು. ಆಗ ಬಾಗಿಲ ಬಳಿ ಒಂದು ಹೆಣ್ಣುದನಿ ಕೇಳಿಸಿತು.

“ಯವ್ವಾ, ಒಂದ ತಂಬಗಿ ನೀರ ಕೊಡ್ರಿ.”

ಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಬಂದವಳಿರಬೇಕು. ಸೆರಗಿನ ತುಂಬ ಕೆಂಪು ಧೂಳು. ಅತ್ತೆಯ ಸೊಸೆ ಕಿಟಕಿಯಿಂದ ಇಣಿಕಿ ನೋಡಿದಳು. ಸದ್ದಿಲ್ಲದೆ ಚಿಲಕ ಏರಿಸಿದಳು. “ಮುಂದಿನ ಮನಿಗೆ ಹೋಗವಾ” ಎಂದುಬಿಟ್ಟಳು.

ಅತ್ತೆ ದಿಗ್ಗನೆ ಎದ್ದು ಕುಳಿತರು. “ನೀರ ಕೇಳಿದವರಿಗೆ ಇಲ್ಲ ಅಂತಾರೇನವಾ ಯಾರರ?”

“ಅತ್ತಿಯವರ, ರಾತ್ರಿ ಟೀವಿಯೊಳಗ ದಂಡುಪಾಳ್ಯ ನೋಡಲಿಲ್ಲೇನ್ರಿ? ಅವರೂ ಹಿಂಗ ನೀರ ಕೇಳಿಕೋತ ಬರತಿದ್ರು.”

ಅತ್ತೆ ಚಿಲಕ ತೆಗೆದು ಹೊರಗೆ ಬರುವಷ್ಟರಲ್ಲಿ ಆ ಹೆಂಗಸು ಓಣಿಯ ತಿರುವು ದಾಟಿದ್ದಳು. ಒಂದು ಚಲಚ್ಚಿತ್ರ ತೆರೆಯ ಮೇಲೆ ಎಷ್ಟು ದಿನ ಓಡಿತೆಂದು ಎಲ್ಲರೂ ಲೆಕ್ಕವಿಡುತ್ತಾರೆ; ನಮ್ಮ ಹೊಸ್ತಿಲಲ್ಲಿ ಎಷ್ಟು ವರ್ಷ ಓಡುತ್ತದೆಂಬ ಲೆಕ್ಕವನ್ನು ಇಡುವವರಿಲ್ಲ.

ಶ್ರೀನಿವಾಸರಾಜು ನಿರ್ದೇಶಿಸಿದ ‘ದಂಡುಪಾಳ್ಯ’ ತೆರೆ ಕಂಡದ್ದು 2012ರಲ್ಲಿ. ಕತ್ತಿ ಹಿಡಿದವನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಹೋಗುವ ಅಮೆರಿಕದ ಚಿತ್ರಗಳಿಗೆ ಕನ್ನಡದಲ್ಲಿ ಹತ್ತಿರದ ನೆಂಟನೆಂದರೆ ಇದೇ. ಅಲ್ಲಿಯ ಕೊಲೆಗಾರ ಮುಖವಾಡ ತೊಟ್ಟು ಕತ್ತಲಿನಲ್ಲಿ ಬರುತ್ತಾನೆ. ಇಲ್ಲಿಯವರು ಹಗಲಿನಲ್ಲಿ, ಬಾಯಾರಿದವರ ಮುಖ ಹೊತ್ತು, ಒಂಟಿ ಮನೆಯ ಬಾಗಿಲಿಗೆ ಬರುತ್ತಾರೆ. ಮುಖವಾಡಕ್ಕಿಂತ ಈ ಬಾಯಾರಿಕೆ ಹೆಚ್ಚು ಹೆದರಿಸಿತು. ಚಿತ್ರಕ್ಕೆ ಜನ ಮುಗಿಬಿದ್ದರು. ತೆಲುಗಿಗೆ ಹೋದಾಗ ಅಲ್ಲಿಯೂ ಹಣ ಹರಿಯಿತು. ಆರು ವರ್ಷಗಳ ಹಿಂದೆ, 2006ರ ‘ಮುಂಗಾರು ಮಳೆ’ಯಲ್ಲಿ, ನಮ್ಮ ಹಾನಗಲ್ಲ ತಾಲೂಕಿನ ತಿಳವಳ್ಳಿಯ ನಂಟಿರುವ ಯೋಗರಾಜ ಭಟ್ಟರ ನಾಯಕಿಯಾಗಿ ನಾಡಿನ ಮನಸ್ಸನ್ನು ಗೆದ್ದ ಪೂಜಾ ಗಾಂಧಿಯವರೇ ಇಲ್ಲಿ ಕೊಲೆಗಾರ್ತಿಯಾಗಿ ನಿಂತುದು ಜನರನ್ನು ಬೆರಗುಗೊಳಿಸಿತು.

ಕಥೆಗೆ ಮೂಲವಾದುದು ನಡೆದ ಸಂಗತಿ. ಹೊಸಕೋಟೆಯ ಬಳಿಯ ದಂಡುಪಾಳ್ಯದ ಹೆಸರಿನಿಂದ ಕರೆಯಲ್ಪಟ್ಟ ತಂಡವೊಂದು 1990ರ ದಶಕದಲ್ಲಿ ಮನೆಗಳಿಗೆ ನುಗ್ಗಿ ಕೊಲೆ ಸುಲಿಗೆಗಳನ್ನು ನಡೆಸಿತೆಂಬ ಆರೋಪದ ಮೇಲೆ ಮೊಕದ್ದಮೆಗಳು ನಡೆದವು. ವಿಶೇಷ ನ್ಯಾಯಾಲಯವು ಹಲವರಿಗೆ ಮರಣದಂಡನೆ ವಿಧಿಸಿತು. ಉಚ್ಚ ನ್ಯಾಯಾಲಯದಲ್ಲಿ ಅದು ಜೀವಾವಧಿಗೆ ಇಳಿದ ಪ್ರಕರಣಗಳೂ ಉಂಟು. ಸತ್ತವರ ಮನೆಗಳಲ್ಲಿ ಇಂದಿಗೂ ಆರದ ನೋವಿದು. ಯಾವ ಪಾಪವನ್ನೂ ಅರಿಯದೆ ಆ ಊರಿನಲ್ಲಿ ಬಾಳುವೆ ನಡೆಸುವ ಉಳಿದವರೂ ಈ ಹೆಸರನ್ನು ಹೊರಲೇಬೇಕಾಯಿತು.

ಐದು ವರ್ಷಗಳ ಮೇಲೆ, 2017ರ ಜುಲೈಯಲ್ಲಿ, ಎರಡನೆಯ ಭಾಗ ಬಂದಿತು. ಅದೇ ನಿರ್ದೇಶಕರು, ಅದೇ ಪೂಜಾ ಗಾಂಧಿ, ಅದೇ ಮಕರಂದ ದೇಶಪಾಂಡೆ, ಪೊಲೀಸ್ ಅಧಿಕಾರಿಯಾಗಿ ಅದೇ ರವಿಶಂಕರ್. ಗೆದ್ದ ಚಿತ್ರದ ಎರಡನೆಯ ಭಾಗವೆಂದರೆ ಮೊದಲ ಅಡಿಗೆಗೆ ಇನ್ನೊಂದು ಹಿಡಿ ಖಾರ ಹಾಕುವುದೆಂಬುದು ಲೋಕದ ರೂಢಿ. ಜಾನ್ ಕಾರ್ಪೆಂಟರ್ 1978ರಲ್ಲಿ ‘ಹ್ಯಾಲೋವೀನ್’ ಮಾಡಿದಾಗ ರಕ್ತ ಕಂಡುದು ಅತಿ ಕಡಮೆ. ನೆರಳು, ಸಂಗೀತ, ಕಾಯುವಿಕೆ ಇವುಗಳಿಂದಲೇ ಜನರ ಎದೆ ನಡುಗಿಸಿದರು. 1981ರ ಎರಡನೆಯ ಭಾಗದಲ್ಲಿ ನಿರ್ದೇಶಕರು ಬದಲಾದರು, ರಕ್ತ ಹೆಚ್ಚಿತು. ಅಂದಿನಿಂದ ಇಂತಹ ಚಿತ್ರಗಳ ಸಂತಾನವೆಲ್ಲ ಹೆಚ್ಚಾಗಿ ಈ ಹಾದಿಯನ್ನೇ ಹಿಡಿದುದು.

ಶ್ರೀನಿವಾಸರಾಜು ಆ ಹಾದಿಯನ್ನು ಪೂರ್ಣವಾಗಿ ಹಿಡಿಯಲಿಲ್ಲ. ಅವರು ಕಥೆಯನ್ನು ಮನೆಗಳಿಂದ ತೆಗೆದು ಠಾಣೆಗೂ ಸೆರೆಮನೆಗೂ ಸಾಗಿಸಿದರು. ಶ್ರುತಿಯವರು ಅಭಿನಯಿಸಿದ ಪತ್ರಕರ್ತೆಯ ಮುಂದೆ ಕೈದಿಗಳು ಬಾಯಿ ತೆರೆಯುತ್ತಾರೆ. ಹೊಡೆತಕ್ಕೆ ಒಪ್ಪಿಕೊಂಡ ಮಾತೆಲ್ಲ ಸತ್ಯವೇ? ನೀವು ನೋಡಿ ನಡುಗಿದುದೆಲ್ಲ ನಡೆದುದೇ? ತಾನೇ ಹುಟ್ಟಿಸಿದ ಭಯವನ್ನು ತಾನೇ ಸಂದೇಹಿಸುವ ಎರಡನೆಯ ಭಾಗ ಎಲ್ಲಿಯೂ ಅಪರೂಪ.

ಜನರು ಅದನ್ನು ಹೇಗೆ ಸ್ವೀಕರಿಸಿದರು? ಒಂದೇ ಮಾತಿನಲ್ಲಿ ಹೇಳಲಾಗದು. ಹೊಸ ನೋಟವೆಂದು ಮೆಚ್ಚಿದವರಿದ್ದರು. ಠಾಣೆಯ ಹಿಂಸೆಯ ದೃಶ್ಯಗಳನ್ನು ನೋಡಲಾರದೆ ಮುಖ ತಿರುಗಿಸಿದವರಿದ್ದರು. ಕೊಲೆಗಾರರ ಮೇಲೆ ಕನಿಕರವೇತಕ್ಕೆಂದು ಸಿಟ್ಟಾದವರೂ ಇದ್ದರು. ಈ ಸಿಟ್ಟನ್ನು ಹಗುರಾಗಿ ಕಾಣುವಂತಿಲ್ಲ. ಶಿಕ್ಷೆ ಇಳಿದ ಮಾತ್ರಕ್ಕೆ ಅಪರಾಧ ಅಳಿಯುವುದಿಲ್ಲ, ಸತ್ತವರ ಪರವಾಗಿ ಮಾತನಾಡಲು ತೆರೆಯ ಮೇಲೆ ಯಾರೂ ಇರುವುದಿಲ್ಲ.

ಆದರೂ ಪ್ರಶ್ನೆ ಕೇಳಿದುದು ತಪ್ಪೆಂದು ನನಗೆ ತೋರುವುದಿಲ್ಲ. ಕೇಳಿದ ರೀತಿಯಲ್ಲಿ ಕೊರತೆಯಿದೆ. ಮೊದಲ ಭಾಗ ಕತ್ತು ಕೊಯ್ಯುವುದನ್ನು ತೋರಿಸಿ ಹೆದರಿಸಿತು. ಎರಡನೆಯದು ಮೈ ಮುರಿಯುವಂತೆ ಬಡಿಯುವುದನ್ನು ತೋರಿಸಿ ಮರುಗಿಸಲು ಹೋಯಿತು. ನೋಡುವವನ ಕಣ್ಣಿಗೆ ಎರಡೂ ಕೆಂಪೇ. ಕೆಂಪು ತುಂಬಿದ ಕಣ್ಣು ವಿಚಾರ ಮಾಡಲಾರದು. ನಮ್ಮ ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಮೆ. ಅದಕ್ಕೇ ಅದಕ್ಕೆ ಬೆಲೆ. ಅಡಿಗೆಯಲ್ಲಿ ಗುಣವಾದುದು ಕಥೆಯಲ್ಲಿ ಗುಣವಾಗದು. ಹಿಚ್‌ಕಾಕ್ ತಮ್ಮ 1960ರ ‘ಸೈಕೋ’ ಚಿತ್ರದಲ್ಲಿ ರಕ್ತದ ಬದಲು ಚಾಕೊಲೇಟ್ ಪಾಕ ಹರಿಸಿದರು, ಅದೂ ಕಪ್ಪು ಬಿಳುಪಿನಲ್ಲಿ; ಹೆದರಿಕೆಗೆ ಏನೂ ಕೊರತೆಯಾಗಲಿಲ್ಲ.

ಮೂರನೆಯ ಭಾಗ 2018ರಲ್ಲಿ ಬಂದಿತು. ಆದರೆ ಟೀವಿಯ ಮುಂದೆ ಕುಳಿತ ನಮ್ಮ ಮನೆಗಳಲ್ಲಿ ಉಳಿದುದು ಮೊದಲನೆಯದೇ. ಭಯವನ್ನು ನಾವು ಒಂದೇ ರಾತ್ರಿಯಲ್ಲಿ ಕಲಿಯುತ್ತೇವೆ. ಸಂದೇಹವನ್ನು ಕಲಿಯುವ ತಾಳ್ಮೆ ಇರುವುದಿಲ್ಲ. ಅತ್ತೆಯ ಸೊಸೆಯನ್ನು ನಾನು ಹಳಿಯಲಾರೆ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಇರುವವಳು. ಎಚ್ಚರಿಕೆ ಬೇಕೇ ಬೇಕು. ಆದರೆ ಎಚ್ಚರಿಕೆಗೂ ಕಲ್ಲೆದೆಗೂ ನಡುವೆ ಒಂದು ಕಿಟಕಿಯಷ್ಟಾದರೂ ಜಾಗವಿದೆ.

ಆ ಜಾಗವನ್ನು ಕಂಡವರು ಅತ್ತೆಯೇ. ಮಾರನೆಯ ದಿನ ಬೆಳಿಗ್ಗೆ ನಾನು ಹೊರಡುವಾಗ ನೋಡಿದೆ: ಹೊರಗಟ್ಟೆಯ ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕೊಡ, ಮೇಲೆ ಮುಚ್ಚಳ, ಪಕ್ಕದಲ್ಲೊಂದು ತಂಬಿಗೆ. ಬಾಗಿಲಿಗೆ ಚಿಲಕ ಹಾಕಿಯೇ ಇತ್ತು.

“ಬಾಗಿಲ ತಗೀಲಾಕ ಅಂಜಿಕಿ ಇದ್ರ ಇರಲಿ,” ಎಂದರು ಅತ್ತೆ, “ನೀರ ಅಂತೂ ಹೊರಗ ಇರಲಿ.”