ಫಾರ್ಮ್ಯಾಟ್ ಮಾಡುವ ಮೊದಲು ಲಾಗ್ ಓದಿ

ಕಚೇರಿಯ ಕಂಪ್ಯೂಟರನ್ನು ಬೆಳಿಗ್ಗೆ ಆನ್ ಮಾಡಿದಾಗಲೆಲ್ಲ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕೆಂಪು ಗುರುತಿನ ಒಂದು ಸಾಲು ಬಂದು ಕೂರುತ್ತದೆ: ಮೂಲ ನೆಟ್‌ಲಾಗಾನ್, ಸಂಖ್ಯೆ 5719. ಲಾಗಿನ್ ದೃಢೀಕರಿಸುವ ಡೊಮೈನ್ ಸರ್ವರ್ ಜೊತೆ ಸುರಕ್ಷಿತ ಸಂಪರ್ಕ ಸಿಗಲಿಲ್ಲ ಎಂಬುದು ಅದರ ತಾತ್ಪರ್ಯ. ದಿನವೂ ಮರುಕಳಿಸುವ ಈ ದೋಷಕ್ಕೆ ಅನೇಕ ಕಡೆ ಎರಡೇ ಮದ್ದು. ಒಂದೋ ಕಂಡೂ ಕಾಣದಂತೆ ಬಿಡುವುದು, ಇಲ್ಲವೇ ಸಿಸ್ಟಂ ಫಾರ್ಮ್ಯಾಟ್ ಹೊಡೆಯುವುದು. ಎರಡೂ ತಪ್ಪು. ದೋಷ ಏನೆಂದು ಬರೆದಿದೆ ಎನ್ನುವುದರ ಜೊತೆಗೆ ಎಷ್ಟು ಹೊತ್ತಿಗೆ ಬರೆದಿದೆ ಎಂದೂ ನೋಡಿದರೆ, ಅದರ ಬೇರು ಬಹಳ ಸಲ ಆ ಕಂಪ್ಯೂಟರಿನ ಹೊರಗೇ ಇರುವುದು ಗೊತ್ತಾಗುತ್ತದೆ.

ಮೂಲೆಯಲ್ಲಿ ಕೂತ ನೆಟ್‌ವರ್ಕ್ ಸ್ವಿಚ್ಚನ್ನೇ ನೋಡಿ. ಕೇಬಲ್ ಜೀವ ತಳೆದ ಕೂಡಲೇ ಅದು ದಾರಿ ಬಿಡುವುದಿಲ್ಲ. ಒಂದೇ ಮಾಹಿತಿ ಜಾಲದೊಳಗೆ ಸುತ್ತಿ ಸುತ್ತಿ ಎಲ್ಲವನ್ನೂ ಕೆಡಿಸದಿರಲೆಂದು ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನ ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಅದರ ಹಳೆಯ ಮಾನಕದ ಪ್ರಕಾರ ಪೋರ್ಟ್ 15 ಸೆಕೆಂಡು ಆಲಿಸುತ್ತದೆ, ಇನ್ನೂ 15 ಸೆಕೆಂಡು ಕಲಿಯುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ ಆ ಅರ್ಧ ನಿಮಿಷ ಪೋರ್ಟಿನ ದೀಪ ಕಿತ್ತಳೆ ಬಣ್ಣದಲ್ಲಿದ್ದು ನಂತರ ಹಸಿರಾಗುವುದನ್ನು ಕಣ್ಣಾರೆ ನೋಡಬಹುದು. ಹಳೆಯ ಹಾರ್ಡ್ ಡಿಸ್ಕ್ ತೆವಳುತ್ತಾ ಬೂಟ್ ಆಗುವಷ್ಟರಲ್ಲಿ ದೀಪ ಹಸಿರಾಗಿರುತ್ತಿತ್ತು. ಎಸ್‌ಎಸ್‌ಡಿ ಹಾಕಿಸಿದ ಮೇಲೆ ವಿಂಡೋಸ್ ಮುಂಚೆಯೇ ಎದ್ದು, ಮುಚ್ಚಿದ ಬಾಗಿಲು ಬಡಿದು, ದೋಷ ಬರೆದಿಡುತ್ತದೆ. ಹೊಸ ಡಿಸ್ಕ್ ಕೆಟ್ಟಿದೆ ಎಂದು ದೂರುವವರಿಗೆ ಇದು ಗೊತ್ತಿರಬೇಕು. ಕಂಪ್ಯೂಟರ್ ಸೇರಿರುವ ಪೋರ್ಟಿಗೆ ಮಾತ್ರ (ಮತ್ತೊಂದು ಸ್ವಿಚ್ ಸೇರಿರುವ ಪೋರ್ಟಿಗಲ್ಲ) ಪೋರ್ಟ್‌ಫಾಸ್ಟ್ ಎಂಬ ಸೆಟ್ಟಿಂಗ್ ಹಾಕಿದರೆ ಈ ಕಾಯುವಿಕೆ ಇರುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಸ್ವಿಚ್ ಇದ್ದ ಹಾಗೆಯೇ ಇರುತ್ತದೆ. ಅಳಿಸಿಹೋಗುವುದು ಸಾಕ್ಷಿಯಾಗಿದ್ದ ಲಾಗ್.

ಲಾಗಿನ್ ಆಗುತ್ತಿದೆ, ಕೆಲಸ ನಡೆಯುತ್ತಿದೆ, ಮತ್ತೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಬೂಟ್ ವೇಳೆ ಒಮ್ಮೆ ಬಂದು, ಬೇರೆ ಯಾವ ತೊಂದರೆಯನ್ನೂ ಕೊಡದ 5719ಅನ್ನು ಬಿಟ್ಟರೂ ನಡೆದೀತು. ಆದರೆ ತೊಂದರೆ ಇಲ್ಲ ಎಂದು ನಿರ್ಧರಿಸಲು ಲಾಗಿನ್ ಆಯಿತೆಂಬುದು ಸಾಕ್ಷಿಯಾಗದು. ಸರ್ವರ್ ಸಿಗದಿದ್ದರೂ ಹಿಂದೆ ಲಾಗಿನ್ ಆದವರನ್ನು ವಿಂಡೋಸ್ ತನ್ನಲ್ಲೇ ಉಳಿಸಿಕೊಂಡ ಗುರುತಿನ ಮೇಲೆ ಒಳಗೆ ಬಿಡುತ್ತದೆ. ಸಾಮಾನ್ಯವಾಗಿ 10 ಖಾತೆಗಳವರೆಗೆ. ಒಳಗೆ ಹೋದ ಗುಮಾಸ್ತರಿಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಆದರೆ ಹಂಚಿಕೆಯ ಡ್ರೈವ್ ಕಾಣದಿರಬಹುದು, ಬೂಟ್ ಹೊತ್ತಿಗೆ ಬರಬೇಕಾದ ಭದ್ರತಾ ನಿಯಮ ಆ ದಿನ ಬಾರದೇ ಇರಬಹುದು. ನಿಯಮ ಬಾರದಿದ್ದರೆ ಅದೇ ಲಾಗ್‌ನಲ್ಲಿ 1129 ಎಂಬ ಸಂಖ್ಯೆಯೂ ಇರುತ್ತದೆ. ಅದು ಪಕ್ಕದಲ್ಲಿದೆಯೇ ಎಂದು ನೋಡದೆ 5719ಅನ್ನು ತಳ್ಳಿಹಾಕುವುದು ಬೇಜವಾಬ್ದಾರಿ.

ಎಲ್ಲಕ್ಕೂ ಸ್ವಿಚ್ಚೇ ಕಾರಣ ಎನ್ನಲಾಗದು ಎಂಬ ಆಕ್ಷೇಪವೂ ನಿಜ. ಇಂಟರ್ನೆಟ್ ಚುರುಕಾಗಲೆಂದು ಯಾರೋ ಡಿಎನ್‌ಎಸ್ ಜಾಗದಲ್ಲಿ 8.8.8.8 ಎಂಬ ಹೊರಗಿನ ವಿಳಾಸ ತುಂಬಿದ್ದರೂ ಇದೇ ದೋಷ ಬಂದೀತು, ಏಕೆಂದರೆ ಕಚೇರಿಯೊಳಗಿನ ಸರ್ವರಿನ ವಿಳಾಸ ಹೊರಗಿನ ಡಿಎನ್‌ಎಸ್‌ಗೆ ಗೊತ್ತಿರುವುದಿಲ್ಲ. ಇವೆರಡನ್ನು ಬೇರ್ಪಡಿಸುವುದೂ ಹೊತ್ತೇ. ಸ್ವಿಚ್ಚಿನ ದೋಷ ಮೊದಲ ನಿಮಿಷದಲ್ಲಿ ಬಂದು ನಿಲ್ಲುತ್ತದೆ, ಡಿಎನ್‌ಎಸ್‌ನದು ಮಧ್ಯಾಹ್ನವೂ ಬರುತ್ತಿರುತ್ತದೆ. ಇಷ್ಟನ್ನು ನೋಡಲು ಹತ್ತು ನಿಮಿಷ ಸಾಕು. ಸಮಯವಿಲ್ಲ ಎಂಬ ನೆಪ ಹುಟ್ಟುವುದು ವಾರ್ಷಿಕ ನಿರ್ವಹಣೆಯ (ಎಎಂಸಿ) ಒಪ್ಪಂದಗಳು ಎಷ್ಟು ದೂರು ಕ್ಲೋಸ್ ಆಯಿತೆಂದು ಮಾತ್ರ ಎಣಿಸುವ ಕಡೆ. ಒಂದೇ ಯಂತ್ರದಿಂದ ಅದೇ ದೂರು ಮೂರನೇ ಸಲ ಬಂದರೆ, ಬೂಟ್ ಆದ ಮೊದಲ ಎರಡು ನಿಮಿಷದ ಲಾಗ್ ಪ್ರತಿಯನ್ನು ಲಗತ್ತಿಸದೆ ಅದನ್ನು ಕ್ಲೋಸ್ ಮಾಡುವಂತಿಲ್ಲ ಎಂಬ ಷರತ್ತನ್ನು ಮುಂದಿನ ಒಪ್ಪಂದದಲ್ಲಿ ಕಚೇರಿಗಳು ಸೇರಿಸಲಿ.